ಬೆಂಕಿ ರಾಜ್ಯದ್ದು, ಬೂದಿ ಪುರಸಭೆಯದ್ದು

ಕಾಪು ಕಡಲತೀರದ ಬಂಡೆ ಹತ್ತಿ ಒಂದು ಸುತ್ತು ಕಣ್ಣು ಹಾಯಿಸಿದರೆ ಸಾಕು, ನಮ್ಮ ಒಕ್ಕೂಟ ವ್ಯವಸ್ಥೆ ಬಾಯಿಪಾಠವಾಗುತ್ತದೆ. ಬೆನ್ನ ಹಿಂದಿನ ದೀಪಸ್ತಂಭ 1901ರದ್ದು, ಅದು ಕೇಂದ್ರ ಸರ್ಕಾರದ್ದು. ಎದುರಿನ ನೀರು ಕರಾವಳಿ ಕಾವಲು ಪೊಲೀಸರದ್ದು. ಅವರ ಠಾಣೆ ಹೆಜಮಾಡಿಯಲ್ಲಿ, ಅವರ ಎಸ್‌ಪಿ ಮಲ್ಪೆಯಲ್ಲಿ. ಮರಳು ದಾಟಿ ಈಚೆಗೆ ಬಂದರೆ ಕಾಪು ಠಾಣೆ. ಅದರ ಮೇಲಿನ ಡಿವೈಎಸ್‌ಪಿ ಕಾರ್ಕಳದಲ್ಲಿ, ಅವರ ಮೇಲಿನ ಎಸ್‌ಪಿ ಉಡುಪಿಯಲ್ಲಿ, ಅವರ ಮೇಲಿನ ಐಜಿಪಿ ಮಂಗಳೂರಿನಲ್ಲಿ, ಎಲ್ಲರ ಮೇಲಿನವರು ಬೆಂಗಳೂರಿನಲ್ಲಿ. ಅಲೆ ಹಿಂದೆ ಸರಿದಾಗ ಕಳ್ಳ ಸಿಕ್ಕಿದರೆ ಒಂದು ಠಾಣೆ, ಮುಂದೆ ಬಂದಾಗ ಸಿಕ್ಕಿದರೆ ಇನ್ನೊಂದು ಠಾಣೆ ಎಂದು ನಮ್ಮಲ್ಲಿ ತಮಾಷೆ ಮಾಡುವುದುಂಟು. ಪೂರ್ವಕ್ಕೆ ತಿರುಗಿದರೆ ರಾಷ್ಟ್ರೀಯ ಹೆದ್ದಾರಿ 66, ಅದು ದೆಹಲಿಯದ್ದು. ಇನ್ನೂ ಆಚೆ ಪಾದೂರಿನಲ್ಲಿ ನೆಲದಡಿಯ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಭಂಡಾರ, ಅದೂ ದೆಹಲಿಯದ್ದು. ಎಲ್ಲೂರಿನಲ್ಲಿ 1,200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ, ಅದು ಕಂಪನಿಯದ್ದು.

ಇಷ್ಟೆಲ್ಲ ಹಂಚಿ ಉಳಿದದ್ದು ಚರಂಡಿ, ಬೀದಿದೀಪ, ಕಸದ ಗಾಡಿ. ಅವನ್ನು ಯಾರೂ ಬೇಡ ಅಂದದ್ದರಿಂದ ಪುರಸಭೆಗೆ ಬಂದವು.

ಕಾಪು, ಮಲ್ಲಾರು, ಉಳಿಯಾರಗೋಳಿ ಪಂಚಾಯತ್‌ಗಳನ್ನು ಒಟ್ಟು ಸೇರಿಸಿ ಪುರಸಭೆ ಮಾಡಿದಾಗ ಕಾಪುವಿನ ಶಾಸಕ ವಿನಯ ಕುಮಾರ್ ಸೊರಕೆ ನಗರಾಭಿವೃದ್ಧಿ ಮಂತ್ರಿಯಾಗಿದ್ದರು. ಮಂತ್ರಿ ನಮ್ಮವರಾದರೆ ಊರು ಪಟ್ಟಣವಾಗುವುದು ತಡವಾಗುವುದಿಲ್ಲ. ಮುಂದೆ ತಾಲೂಕೂ ಆಯಿತು. ಈಗ 23 ವಾರ್ಡು, 23 ಸದಸ್ಯರು. 2021ರ ಡಿಸೆಂಬರಿನಲ್ಲಿ ಚುನಾವಣೆಯೂ ನಡೆಯಿತು. ಗೆದ್ದ ಮೇಲೆ ಅಧ್ಯಕ್ಷರ ಕುರ್ಚಿಯ ಮೀಸಲಾತಿ ಇತ್ಯರ್ಥವಾಗಲಿ ಎಂದು ಕಾಯುವುದು ಈ ರಾಜ್ಯದ ಪುರಸಭೆಗಳ ಮೊದಲ ಕೆಲಸ, ಅದು ಬೇರೆ ಮಾತು. ನನ್ನ ಪ್ರಶ್ನೆ ಸಣ್ಣದು: ಈ ಊರಿಗೆ ಎಷ್ಟು ಪೊಲೀಸರು ಬೇಕು, ಬೆಂಕಿ ಆರಿಸುವ ಗಾಡಿ ಎಷ್ಟು ಬೇಕು, ಅದು ಎಲ್ಲಿ ನಿಲ್ಲಬೇಕು ಎಂದು ಈ 23 ಮಂದಿಯಲ್ಲಿ ಯಾರನ್ನು ಕೇಳಬೇಕು?

ಯಾರನ್ನೂ ಕೇಳಬೇಕಾಗಿಲ್ಲ. ಅವರಿಗೆ ಅದರಲ್ಲಿ ಸಂಬಂಧವೇ ಇಲ್ಲ. ಪೊಲೀಸು ಸಂವಿಧಾನದ ಪ್ರಕಾರವೇ ರಾಜ್ಯದ ವಿಷಯ, ಅದಕ್ಕೆ 1963ರ ಕಾಯ್ದೆ ಉಂಟು. ಬೆಂಕಿಗೆ 1964ರ ಕಾಯ್ದೆ ಉಂಟು. ಎರಡೂ ಗೃಹ ಇಲಾಖೆಯ ಕೈಯಲ್ಲಿ.

ಇಲ್ಲೊಂದು ಸ್ವಾರಸ್ಯವಿದೆ, ಸಾವಕಾಶವಾಗಿ ಕೇಳಬೇಕು. 1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ಬಂತು. ನಗರಸಭೆ, ಪುರಸಭೆಗಳಿಗೆ ಏನೇನು ಕೊಡಬಹುದು ಎಂದು ಹನ್ನೆರಡನೇ ಅನುಸೂಚಿಯಲ್ಲಿ 18 ಕೆಲಸಗಳ ಪಟ್ಟಿ ಮಾಡಿದರು. ಅದರಲ್ಲಿ ಏಳನೆಯದು ಅಗ್ನಿಶಾಮಕ ಸೇವೆ. ಹದಿನಾಲ್ಕನೆಯದು ರುದ್ರಭೂಮಿ, ದಹನ, ದಫನ. ಹದಿನಾರನೆಯದು ಜನನ ಮರಣ ನೋಂದಣಿ. ಪಟ್ಟಿ ಬಂದ ಮೇಲೆ ನಮ್ಮ ರಾಜ್ಯ ಅದನ್ನು ಶ್ರದ್ಧೆಯಿಂದ ಓದಿ ಏಳನೆಯದನ್ನು ತಾನು ಇಟ್ಟುಕೊಂಡಿತು, ಹದಿನಾಲ್ಕನ್ನೂ ಹದಿನಾರನ್ನೂ ಪುರಸಭೆಗೆ ಬಿಟ್ಟಿತು. ಅಂದರೆ ಬೆಂಕಿಯಿಂದ ನಿಮ್ಮನ್ನು ಹೊರಗೆಳೆಯುವ ಅಧಿಕಾರ ನಿಮ್ಮ ವಾರ್ಡಿನ ಸದಸ್ಯರಿಗಿಲ್ಲ. ನಿಮ್ಮನ್ನು ಬೆಂಕಿಗೆ ಇಡುವ ಏರ್ಪಾಡು ಮಾಡುವ ಅಧಿಕಾರ ಉಂಟು. ಆಮೇಲೆ ಸರ್ಟಿಫಿಕೇಟನ್ನೂ ಅವರ ಕಚೇರಿಯಲ್ಲೇ ಕೊಡುತ್ತಾರೆ. ಏಕಗವಾಕ್ಷಿ ಅಂದರೆ ಇದು.

ತೆರಿಗೆಯ ರಶೀದಿಯನ್ನೂ ಒಮ್ಮೆ ಬಿಡಿಸಿ ನೋಡಿ. ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಓದುವವರಿಗೂ ಬೇಡುವವರಿಗೂ ನಾವು ಕಟ್ಟುತ್ತೇವೆ. ದುಡ್ಡು ವಸೂಲಿ ಮಾಡಿ ಮೇಲಕ್ಕೆ ಕಳಿಸುವ ಕೆಲಸ ಬಂದಾಗ ಪುರಸಭೆ ಬಲು ಸಮರ್ಥ ಸಂಸ್ಥೆ ಎಂಬುದು ಬೆಂಗಳೂರಿಗೆ ಗೊತ್ತು. ಆ ಸಾಮರ್ಥ್ಯ ಠಾಣೆಯ ಗೇಟಿನ ಹತ್ತಿರ ಬಂದಾಗ ಮಾತ್ರ ಮಾಯವಾಗುತ್ತದೆ.

ಇನ್ನು ಗಾಡಿಯ ಲೆಕ್ಕ. ಅಗ್ನಿಶಾಮಕ ಗಾಡಿ ನಗರದಲ್ಲಾದರೆ 5ರಿಂದ 7 ನಿಮಿಷದೊಳಗೆ, ಹಳ್ಳಿಯಲ್ಲಾದರೆ 20 ನಿಮಿಷದೊಳಗೆ ತಲುಪಬೇಕೆಂದು ದೇಶದ ಅಗ್ನಿ ಸಲಹಾ ಮಂಡಳಿಯ ಮಾನದಂಡವಿದೆ. ಬಹುಕಾಲದಿಂದ ಕಾಪುವಿನ ಬೆಂಕಿ ಉಡುಪಿಯ ಗಾಡಿಯ ದಾರಿ ಕಾದೇ ಆರಿದೆ. ಬಲಾಯಿಪಾದೆ, ಉದ್ಯಾವರ ಸೇತುವೆ, ಕಟಪಾಡಿ ಜಂಕ್ಷನ್, ಪಾಂಗಾಳ ದಾಟಿ ಬರಬೇಕು, ಹನ್ನೆರಡು ಹದಿಮೂರು ಕಿಲೋಮೀಟರು. ಪಂಚಾಯತ್ ಆಗಿದ್ದಾಗ ನಮಗೆ 20 ನಿಮಿಷದ ರಿಯಾಯಿತಿ ಇತ್ತು, ಕಷ್ಟಪಟ್ಟು ಸುಧಾರಿಸಿಕೊಳ್ಳಬಹುದಿತ್ತು. ಪುರಸಭೆಯ ಬೋರ್ಡು ತೂಗಿಹಾಕಿದ ದಿನ ಅದು 7 ನಿಮಿಷಕ್ಕೆ ಇಳಿಯಿತು. ಬೋರ್ಡು ಬದಲಾದ ಸುದ್ದಿ ಕಟಪಾಡಿ ಜಂಕ್ಷನ್ನಿಗೆ ಯಾರೂ ಹೇಳಲಿಲ್ಲ. ಅಲ್ಲಿ ಬಸ್ಸು ಮೊದಲಿನಂತೆಯೇ ಅಡ್ಡ ನಿಲ್ಲುತ್ತದೆ.

ಗಾಡಿ ಬರುವವರೆಗೆ ಊರು ಸುಮ್ಮನೆ ಕೂರುವುದಿಲ್ಲ ಅನ್ನಿ. ಫೆಬ್ರುವರಿ, ಮಾರ್ಚಿನಲ್ಲಿ ಗುಡ್ಡೆಯ ಒಣಹುಲ್ಲಿಗೆ ಬೆಂಕಿ ಬಿದ್ದಾಗ ನೋಡಬೇಕು. ಲುಂಗಿ ಮೇಲೆ ಕಟ್ಟಿ, ಗೇರುಮರದ ಹಸಿ ಗೆಲ್ಲು ಮುರಿದು, ಗಾಳಿಗೆ ಬೆನ್ನು ಕೊಟ್ಟು ಸಾಲಾಗಿ ನಿಂತು ಬಡಿಯುತ್ತಾರೆ. ಹೊಡೆತ ಮೇಲಿಂದ ಬೀಸಿದರೆ ಕಿಡಿ ಹಾರಿ ಇನ್ನೊಂದು ಕಡೆ ಹತ್ತುತ್ತದೆ. ಗೆಲ್ಲನ್ನು ನೆಲಕ್ಕೆ ಒತ್ತಿ ಒರೆಸಿದ ಹಾಗೆ ಎಳೆಯಬೇಕು. ಅದು ಗೊತ್ತಿರುವ ಒಬ್ಬ ಅಜ್ಜ ಪ್ರತಿ ಗುಡ್ಡೆಯ ಬುಡದಲ್ಲಿ ಇರುತ್ತಾರೆ. ಅವರಿಗೆ ಸಮವಸ್ತ್ರ ಇಲ್ಲ, ಸಂಬಳ ಇಲ್ಲ, ಆದರೆ ಅವರ ಪ್ರತಿಕ್ರಿಯಾ ಸಮಯ ಎರಡು ನಿಮಿಷ. ಇಲಾಖೆಯ ಗಾಡಿ ಬಂದು ಸೇರುವಾಗ ಗುಡ್ಡೆ ಕಪ್ಪಾಗಿ, ಅಜ್ಜ ಚಾ ಕುಡಿಯುತ್ತಾ ಕುಳಿತಿರುತ್ತಾರೆ. ಗಾಡಿಯವರ ತಪ್ಪು ಇದರಲ್ಲಿ ಏನೂ ಇಲ್ಲ. ಅವರು ಪಾಪ, ಅದೇ ಬೆಳಿಗ್ಗೆ ಎಲ್ಲೋ ಬಾವಿಗೆ ಬಿದ್ದ ದನವನ್ನು ಮೇಲೆತ್ತಿ ಬಂದಿರುತ್ತಾರೆ. ಕರಾವಳಿಯಲ್ಲಿ ಅಗ್ನಿಶಾಮಕದವರು ಅಗ್ನಿಗಿಂತ ಹೆಚ್ಚು ನೋಡುವುದು ಬಾವಿಯ ತಳವನ್ನು.

ಸಂಸ್ಥೆ ದೊಡ್ಡದಾದರೆ ಅದರ ಬೆಂಕಿಗೆ ಅದರದೇ ಗಾಡಿ, ಅದರದೇ ಪೈಪು ಇರುತ್ತದೆ, ಇರಲೇಬೇಕು. ಪಾದೂರಿನ ತೈಲ, ಎಲ್ಲೂರಿನ ಕಲ್ಲಿದ್ದಲು ಯಾವ ಪುರಸಭೆಯನ್ನೂ ನಂಬಿ ಕೂತಿಲ್ಲ. ನಂಬಿ ಕೂತಿರುವುದು ಮಲ್ಲಾರಿನ ಬೈಹುಲ್ಲು.

ತುರ್ತು ಕರೆಗೆ ಈಗ 100, 101 ಎಂದು ತಡಕಾಡಬೇಕಾಗಿಲ್ಲ. 2019ರಿಂದ ಎಲ್ಲಕ್ಕೂ ಒಂದೇ 112. ಕರೆ ಮೊದಲು ಬೆಂಗಳೂರಿನ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಜಿಲ್ಲೆಗೆ ಇಳಿಯುತ್ತದೆ. ಒಳ್ಳೆಯ ವ್ಯವಸ್ಥೆ, ಸಾವಿರಾರು ಜನರಿಗೆ ಉಪಕಾರವಾಗಿದೆ. ಆದರೂ ನನಗೊಂದು ಕಟ್ಟುಕತೆ ಆಗಾಗ ನೆನಪಾಗುತ್ತದೆ, ನಾನೇ ಕಟ್ಟಿದ್ದು:

“ಬೇಗ ಗಾಡಿ ಕಳಿಸಿ ಮೇಡಂ, ಬೆಂಕಿ ಬಿದ್ದಿದೆ.”

“ಎಲ್ಲಿ ಸರ್?”

“ಕಾಪುವಿನಲ್ಲಿ.”

“ಕಾಫಿ ತೋಟಕ್ಕಾ ಸರ್?”

“ಅಲ್ಲ ಮಾರಾಯ್ರೇ, ಕಾಪು. ಮಾರಿಗುಡಿ ಉಂಟಲ್ಲ, ಅದೇ ಕಾಪು.”

“ಮಾರಿಗುಡಿ ಎಷ್ಟನೇ ಕ್ರಾಸ್?”

“ಕ್ರಾಸ್ ಎಂಥದ್ದೂ ಇಲ್ಲ. ಮಾರಿಗುಡಿಯೇ ಮೂರು ಉಂಟು.”

“ಮೂರರಲ್ಲಿ ಯಾವುದಕ್ಕೆ ಬೆಂಕಿ ಸರ್?”

ಗುಡಿಗಳ ಮಾತು ಬಂತು, ಅಲ್ಲಿಗೇ ಹೋಗೋಣ. ಮಾರ್ಚಿನಲ್ಲಿ ಸುಗ್ಗಿ ಮಾರಿಪೂಜೆಯ ಮಂಗಳವಾರ, ಬುಧವಾರ ಕಾಪುವಿಗೆ ಬಂದವರು ಈ ಊರಿನಲ್ಲಿ ಪೊಲೀಸರ ಕೊರತೆ ಇದೆ ಎಂದು ಹೇಳಲಾರರು. 2025ರ ಫೆಬ್ರುವರಿ ಕೊನೆ, ಮಾರ್ಚ್ ಮೊದಲ ವಾರ ಹೊಸ ಮಾರಿಗುಡಿಯ ಬ್ರಹ್ಮಕಲಶೋತ್ಸವ ನಡೆಯಿತಲ್ಲ, ಆಗಲೂ ಅಷ್ಟೆ. ಜಿಲ್ಲೆಯ ಮೂಲೆಮೂಲೆಯ ಠಾಣೆಗಳಿಂದ ಎರವಲು ತಂದ ಖಾಕಿ, ಗೃಹರಕ್ಷಕರು, ಮಂತ್ರಿಗಳ ಹಿಂದೆ ಬೆಂಗಾವಲು. ನಮ್ಮಲ್ಲಿ ದೇವರಿಗೆ ಮತ್ತು ಮಂತ್ರಿಗೆ ಎಷ್ಟು ಪೊಲೀಸರು ಬೇಕೆಂಬ ಲೆಕ್ಕ ಬರೋಬ್ಬರಿ ಉಂಟು, ಬಂದೋಬಸ್ತಿನ ಪಟ್ಟಿ ಹೆಸರು ಸಹಿತ ತಯಾರಾಗುತ್ತದೆ. ಗುರುವಾರ ಬೆಳಿಗ್ಗೆ ಎರವಲು ಬಂದವರು ವಾಪಸು ಹೋದ ಮೇಲೆ ಉಳಿಯುವ ಊರಿಗೆ ಎಷ್ಟು ಬೇಕು ಎಂಬ ಪಟ್ಟಿಯನ್ನು ಮಾತ್ರ ಯಾರೂ ಕೇಳಿದವರಿಲ್ಲ. ಆ ಎರಡು ದಿನ ಬೇರೆ ಠಾಣೆಗಳಲ್ಲಿ ಯಾರಿದ್ದರು ಎಂದು ಕೇಳುವುದಂತೂ ದೈವನಿಂದೆ.

ರಾಜ್ಯಕ್ಕೆ ಮನಸ್ಸಾದರೆ ಪಡೆ ಹುಟ್ಟುವುದು ಕಷ್ಟವಲ್ಲ. ಕಾರ್ಕಳದಲ್ಲಿ ನಕ್ಸಲ್ ನಿಗ್ರಹ ಪಡೆ ಇತ್ತು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದರು, ಕಾಡಿನ ಕೆಲಸ ಮುಗಿಯಿತು ಅಂದರು. ಅದೇ ವರ್ಷ ಜೂನಿನಲ್ಲಿ ಆ ಪಡೆಯಿಂದ 248 ಮಂದಿಯನ್ನು ತೆಗೆದು ಕೋಮುಗಲಭೆ ತಡೆಯುವ ವಿಶೇಷ ಕಾರ್ಯಪಡೆ ಮಾಡಿದರು. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ ಅದರ ವ್ಯಾಪ್ತಿ. ಬೇಕಿತ್ತು, ಬೇಡ ಅನ್ನುವವನು ನಾನಲ್ಲ. ಆದರೆ ಮೂರು ಜಿಲ್ಲೆಗಳ ಯಾವುದಾದರೂ ಒಂದು ಪುರಸಭೆಯನ್ನು ಕರೆದು “ನಿಮ್ಮ ಊರಿನಲ್ಲಿ ಬೆಂಕಿ ಎಲ್ಲಿ ಹೊಗೆಯಾಡುತ್ತಿದೆ, ನಿಮಗೆ ಎಷ್ಟು ಜನ ಬೇಕು” ಎಂದು ಕೇಳಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ನಮ್ಮ ಅಗತ್ಯ ನಮಗಿಂತ ಚೆನ್ನಾಗಿ ವಿಧಾನಸೌಧಕ್ಕೆ ಗೊತ್ತು.

ಹಾಗಾದರೆ ಉಳಿದ ದಿನಗಳಲ್ಲಿ ಠಾಣೆಯ ಬೇಕು ಬೇಡ ನೋಡಿಕೊಳ್ಳುವುದು ಯಾರು? ಹೆದ್ದಾರಿಗೆ ಹೋಗಿ ಬ್ಯಾರಿಕೇಡ್ ಓದಿ. ಮೇಲೆ ದೊಡ್ಡಕ್ಷರದಲ್ಲಿ ಚಿನ್ನದಂಗಡಿಯ ಹೆಸರು. ಅದರ ಕೆಳಗೆ ಮದುವೆ ಹೆಣ್ಣಿನ ನಗು. ಅದರ ಕೆಳಗೆ ಫೋನ್ ನಂಬರು. ತೀರಾ ಕೆಳಗೆ, ಬಸ್ಸಿನ ಹೊಗೆಗೆ ಕಪ್ಪಾದ ಪಟ್ಟಿಯಲ್ಲಿ, ಸಣ್ಣಕ್ಷರದಲ್ಲಿ ‘ಪೊಲೀಸ್, ನಿಧಾನವಾಗಿ ಚಲಿಸಿ’. ರಾತ್ರಿ ಹನ್ನೊಂದಕ್ಕೆ ಮಂಗಳೂರಿನಿಂದ ಬರುವ ಚಾಲಕ ಮೊದಲು ವೇಸ್ಟೇಜ್ ಇಲ್ಲವೆಂದು ಓದಿ, ಆಮೇಲೆ ಬ್ರೇಕ್ ಹಾಕುತ್ತಾನೆ. ಸಿಸಿಟಿವಿ ಬೇಕೇ? ವರ್ತಕರ ಸಂಘವುಂಟು. ಮಳೆಗಾಲದ ರೈನ್‌ಕೋಟೇ? ಯಾವುದಾದರೊಂದು ಕ್ಲಬ್ಬಿನವರು ಫೋಟೋ ಸಹಿತ ಹಸ್ತಾಂತರಿಸುತ್ತಾರೆ. ದಾನಿಗಳ ನಾಡು ನಮ್ಮದು. ಬಸ್ ತಂಗುದಾಣಕ್ಕೆ ಅಪ್ಪನ ಹೆಸರು, ಶಾಲೆಯ ಗೇಟಿಗೆ ಅಮ್ಮನ ಹೆಸರು ಬರೆಸಿದವರು. ದಾನ ಒಳ್ಳೆಯದೇ. ಆದರೆ ಕಾನೂನು ಕಾಯುವವನು ಕಾನೂನಿಗೆ ಒಳಪಟ್ಟವನ ಹತ್ತಿರ ಬ್ಯಾರಿಕೇಡಿಗಾಗಿ ಹೋಗುವಾಗ ಏನನ್ನು ಒತ್ತೆ ಇಟ್ಟು ಬರುತ್ತಾನೆ ಎಂಬುದನ್ನು ಯಾವ ಫಲಕದಲ್ಲೂ ಬರೆಯುವುದಿಲ್ಲ.

ನೀರಿನಲ್ಲಿ ಮುಳುಗಿದವರನ್ನು ತೆಗೆಯುವ ಇಲಾಖೆಯಂತೂ ಒಬ್ಬ ಮನುಷ್ಯನ ಹೆಸರಿನಲ್ಲಿದೆ. ಮಲ್ಪೆಯ ಈಶ್ವರ್ ಮಲ್ಪೆಯವರು ತಮ್ಮ ಪಾಡಿಗೆ ಹಾರಿ ಹೆಣ ತೆಗೆಯುತ್ತಾ ಬಂದವರು. 2024ರ ಜುಲೈಯಲ್ಲಿ ಅಂಕೋಲದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಪ್ರವಾಹಕ್ಕೂ ಇಳಿದರು. ಇಂಥವರು ಸಿಕ್ಕಿದ್ದು ನಮ್ಮ ಪುಣ್ಯ. ಅವರು ಇದ್ದಾರೆ ಎಂಬ ಧೈರ್ಯಕ್ಕೆ ಎಷ್ಟು ಕಡತಗಳು ನೆಮ್ಮದಿಯಾಗಿ ಮಲಗಿವೆಯೋ ಯಾರಿಗೆ ಗೊತ್ತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮೂಲ್ಕಿ–ಕಾಪು ಕಡಲಿನ ಬಂಡೆಗೆ ಸಿಕ್ಕಿಬಿದ್ದ ಟಗ್‌ನಲ್ಲಿ ಒಂಬತ್ತು ಮಂದಿ ಉಳಿದಿದ್ದರು. ತೀರದಲ್ಲಿ ನಿಂತ ಇಡೀ ಆಡಳಿತ ಬೈನಾಕ್ಯುಲರಿನಲ್ಲಿ ನೋಡಿತು. ಕೊನೆಗೆ ಅವರನ್ನು ಎತ್ತಿದ್ದು ಕರಾವಳಿ ರಕ್ಷಣಾ ಪಡೆಯ ಹಡಗು, ನೌಕಾಪಡೆಯ ಹೆಲಿಕಾಪ್ಟರು. ಅಷ್ಟು ದೊಡ್ಡ ಅಲೆಗೆ ಪುರಸಭೆ ಏನು ಮಾಡೀತು ಎನ್ನಬಹುದು, ಸರಿ. ಸಣ್ಣ ಅಲೆಗಾದರೂ ಏನು ಮಾಡಬೇಕು ಎಂದು ಅದಕ್ಕೆ ಹೇಳಿಕೊಟ್ಟವರು ಯಾರು?

ಪಟ್ಟಣದ ಜನರೇ ಪೊಲೀಸು, ಬೆಂಕಿ ಇಲಾಖೆಗಳ ಮೇಲೆ ಕಣ್ಣಿಡುವುದೆಂದರೆ ಭೂಮಿ ಮೇಲೆ ಇಲ್ಲದ ಸಂಗತಿಯೇನೂ ಅಲ್ಲ. ಅಮೆರಿಕದ ಮಿಲ್ವಾಕಿ ಎಂಬ ನಗರದಲ್ಲಿ 1885ರಲ್ಲೇ ಅದಕ್ಕೊಂದು ನಾಗರಿಕ ಆಯೋಗ ಮಾಡಿಕೊಂಡಿದ್ದಾರೆ. ಅಷ್ಟು ದೂರ ಯಾಕೆ, ಮುಂಬಯಿಯ ಅಗ್ನಿಶಾಮಕ ದಳ ಅಲ್ಲಿನ ಮಹಾನಗರ ಪಾಲಿಕೆಯದು. ನಮ್ಮ ಊರಿನವರು ಅಲ್ಲಿ ಹೋಟೆಲು ಇಟ್ಟು, ಪಾಲಿಕೆಯ ಫೈರ್ ಆಫೀಸರ್ ಬಂದು ಗ್ಯಾಸ್ ಸಿಲಿಂಡರ್ ಎಲ್ಲಿದೆ, ಹಿಂಬಾಗಿಲು ತೆರೆಯುತ್ತದೋ ಎಂದು ನೋಡಿದಾಗ ಬೆವರಿದವರು. ಅದೇ ಮನುಷ್ಯ ಮಾರಿಪೂಜೆಗೆ ಊರಿಗೆ ಬಂದು, “ಇಲ್ಲಿ ಫೈರ್‌ನವರು ಯಾರ ಕೈಕೆಳಗೆ?” ಎಂದು ಕೇಳಿದರೆ ನಮಗೆ ಉತ್ತರ ಗೊತ್ತಿಲ್ಲ. ಹೈಡ್ರಂಟ್ ಎಲ್ಲಿದೆ ಎಂದು ಕೇಳಿದರೆ ಪ್ರಶ್ನೆಯೇ ಗೊತ್ತಿಲ್ಲ.

ಅಯ್ಯೋ, ಪುರಸಭೆಯ ಕೈಗೆ ಪೊಲೀಸರನ್ನು ಕೊಟ್ಟರೆ ದೇವರೇ ಗತಿ ಎಂದು ನೀವು ಹೇಳುವುದು ಕೇಳಿಸಿತು. ಒಪ್ಪಿದೆ. ಎಸ್‌ಐಯನ್ನು ವಾರ್ಡಿನ ಸದಸ್ಯರು ಫೋನಿನಲ್ಲಿ ಆಡಿಸುವ ದಿನ ಬರುವುದು ನನಗೂ ಬೇಡ. ಆದರೆ ಈಗ ರಾಜಕೀಯ ಠಾಣೆಯ ಹೊರಗೆ ಚಪ್ಪಲಿ ಬಿಟ್ಟು ನಿಂತಿದೆಯೇ? ಯಾವ ಠಾಣೆಗೆ ಯಾವ ಇನ್‌ಸ್ಪೆಕ್ಟರ್ ಬರಬೇಕು ಎಂದು ಶಾಸಕರ ಲೆಟರ್‌ಹೆಡ್ ಹೇಳುವುದು ಈ ರಾಜ್ಯದಲ್ಲಿ ಗುಟ್ಟಾಗಿ ಉಳಿದಿಲ್ಲ. 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಕೊಡಿ, ರಾಜ್ಯಕ್ಕೊಂದು ಭದ್ರತಾ ಆಯೋಗ ಮಾಡಿ, ಜಿಲ್ಲೆಗೊಂದು ದೂರು ಪ್ರಾಧಿಕಾರ ಮಾಡಿ ಎಂದಿತು. ಕಾಪುವಿನ ಪೇಟೆಯಲ್ಲಿ ನಿಂತು ಪೊಲೀಸ್ ದೂರು ಪ್ರಾಧಿಕಾರದ ಕಚೇರಿ ಎಲ್ಲಿ ಎಂದು ಕೇಳಿ ನೋಡಿ. ಬಹುಶಃ ಠಾಣೆಯ ಕಡೆಗೆ ಕೈ ತೋರಿಸುತ್ತಾರೆ. ಠಾಣೆಯ ಕುರ್ಚಿಯ ಮೇಲೆ ಎಲ್ಲರ ಕಣ್ಣೂ ಇದೆ. ಠಾಣೆಯ ಹಾಜರಿ ಪುಸ್ತಕದ ಮೇಲೆ, ಜೀಪಿನ ಟಯರಿನ ಮೇಲೆ, ಹೆಂಗಸೊಬ್ಬಳು ರಾತ್ರಿ ದೂರು ಕೊಡಲು ಬಂದರೆ ಮಹಿಳಾ ಸಿಬ್ಬಂದಿ ಇದ್ದಾರೋ ಎಂಬುದರ ಮೇಲೆ ಯಾರ ಕಣ್ಣೂ ಇಲ್ಲ.

ಇದಕ್ಕೆ ನಾವು ಕಂಡುಕೊಂಡ ಮದ್ದು ಮನವಿ. ಹನ್ನೆರಡು ಮಂದಿ ಸೇರಿ ಒಂದೇ ಕಾಗದವನ್ನು ಹಿಡಿದುಕೊಳ್ಳುತ್ತೇವೆ. ಹಿಡಿಯಲು ಮೂಲೆ ಸಿಗದವರು ಹಿಡಿದವರ ಮೊಣಕೈ ಹಿಡಿಯುತ್ತಾರೆ. ಮಂತ್ರಿಗಳು ಕಾಗದ ನೋಡುವುದಿಲ್ಲ, ಕ್ಯಾಮರಾ ನೋಡುತ್ತಾರೆ. ನಾವು ಮಂತ್ರಿಯನ್ನು ನೋಡುವುದಿಲ್ಲ, ಕ್ಯಾಮರಾ ನೋಡುತ್ತೇವೆ. ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಹೆಸರುಗಳೆಲ್ಲ ಬರುತ್ತವೆ, ಬೇಡಿಕೆ ಕೊನೆಯ ಸಾಲಿನಲ್ಲಿ ‘ಇತ್ಯಾದಿ’ಯ ಒಳಗೆ ಇರುತ್ತದೆ. ಅಗ್ನಿಶಾಮಕ ಸೇವೆಯ ಆಧುನೀಕರಣಕ್ಕೆಂದು ಕೇಂದ್ರ 2023ರಲ್ಲಿ ರಾಜ್ಯಗಳಿಗೆ 5,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಅದರಲ್ಲಿ ತನ್ನ ಪಾಲು ಕೇಳುವ ಪುರಸಭೆ ಇರಬೇಕಾದರೆ ಮೊದಲು ತನಗೇನು ಬೇಕೆಂದು ಅದಕ್ಕೆ ಗೊತ್ತಿರಬೇಕಿತ್ತು. ಮನವಿಯ ಹಿಂದೆ ಲೆಕ್ಕದ ಹಾಳೆ ಇಲ್ಲದಿದ್ದರೆ ಅದನ್ನು ಕೊಡುವವನಿಗೂ ನಷ್ಟವಿಲ್ಲ, ಇಸಕೊಳ್ಳುವವನಿಗೂ ಭಯವಿಲ್ಲ.

ದೀಪಾವಳಿ ಬಂದರೆ ಈ ಇಡೀ ರಾಜ್ಯಭಾರ ಒಂದು ಮೈದಾನದಲ್ಲಿ ಕಾಣುತ್ತದೆ. ಪಟಾಕಿ ಅಂಗಡಿಗೆ ಪರವಾನಗಿ ಜಿಲ್ಲಾಡಳಿತದ್ದು, ನಿರಾಕ್ಷೇಪಣೆ ಪೊಲೀಸರದ್ದು ಮತ್ತು ಅಗ್ನಿಶಾಮಕದವರದ್ದು, ಲಾಭ ವ್ಯಾಪಾರಿಯದ್ದು, ಸದ್ದು ನಮ್ಮದು. ಮೂರನೇ ದಿನ ಬೆಳಿಗ್ಗೆ ಸುಟ್ಟ ಕಾಗದ ಗುಡಿಸಲು ಪೊರಕೆ ಹಿಡಿದು ಬರುವವರು ಪೌರಕಾರ್ಮಿಕರು. ಆ ಹೊತ್ತಿಗೆ ಯಾವ ಇಲಾಖೆಗೂ ಆ ಮೈದಾನ ತನ್ನ ವ್ಯಾಪ್ತಿಗೆ ಬರುತ್ತದೋ ಎಂಬ ಸಂಶಯವಿರುವುದಿಲ್ಲ.

ಆದ್ದರಿಂದ ಕಾಪುವಿನ ಸದಸ್ಯರಲ್ಲಿ, ಹಾಗೆಯೇ ಕಾರ್ಕಳದಲ್ಲೂ ಉಡುಪಿಯಲ್ಲೂ ಕುರ್ಚಿ ಹಿಡಿದವರಲ್ಲಿ ಒಂದು ವಿನಂತಿ. ಮುಂದಿನ ಸಾಮಾನ್ಯ ಸಭೆಯ ಅಜೆಂಡಾಕ್ಕೆ ಒಂದು ಸಾಲು ಸೇರಿಸಿ. ಠಾಣಾಧಿಕಾರಿಗಳನ್ನೂ ಅಗ್ನಿಶಾಮಕ ಠಾಣಾಧಿಕಾರಿಗಳನ್ನೂ ಗೌರವದಿಂದ ಕರೆಯಿರಿ, ಎಳನೀರು ಕೊಡಿ. ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು. ಓಡುವ ಗಾಡಿ ಎಷ್ಟು, ನಿಂತದ್ದು ಎಷ್ಟು. ಕಳೆದ ವರ್ಷ ಈ ಊರಿನ ಕರೆಗೆ ಎಷ್ಟು ನಿಮಿಷದಲ್ಲಿ ಬಂದಿರಿ ಎಂದು ಕೇಳಿ. ಅವರು ಹೇಳಿದ್ದನ್ನು ನಡಾವಳಿಯಲ್ಲಿ ಬರೆದು, ಒಂದು ಪ್ರತಿಯನ್ನು ಪುರಸಭೆಯ ನೋಟಿಸ್ ಬೋರ್ಡಿಗೆ ಅಂಟಿಸಿ. ಪೊಲೀಸು ನಿಮ್ಮದಲ್ಲ, ಬೆಂಕಿ ನಿಮ್ಮದಲ್ಲ, ನೋಟಿಸ್ ಬೋರ್ಡಾದರೂ ನಿಮ್ಮದೇ. ಅಂಟಿನ ಖರ್ಚಿಗೆ ಬೆಂಗಳೂರಿನ ಅನುಮೋದನೆ ಬೇಕಾಗಿಲ್ಲ.